ಕಷ್ಟ ಇರಲಿ, ಮೋಸ ಬೇಡ: ನಾರ್ತ್ ಶೋರ್ ಕಾಡಿನಲ್ಲಿ ಸೈಕಲ್ ದಾರಿ ಕಟ್ಟುವ ಕೆಲಸ

ಕೆನಡಾದ ವ್ಯಾಂಕೂವರ್ ನಗರದಿಂದ ಸೇತುವೆ ದಾಟಿ ಉತ್ತರಕ್ಕೆ ಬಂದರೆ ಮನೆಗಳ ಸಾಲು ಮುಗಿಯುವಲ್ಲೇ ಬೆಟ್ಟ ಶುರುವಾಗುತ್ತದೆ. ಪಶ್ಚಿಮದಿಂದ ಪೂರ್ವಕ್ಕೆ ಸೈಪ್ರೆಸ್, ಫ್ರೋಮ್, ಸೀಮೋರ್. ಮೌಂಟನ್ ಬೈಕ್ ಓಡಿಸುವವರಿಗೆ ಈ ಮೂರೂ ಸೇರಿ ನಾರ್ತ್ ಶೋರ್. ಇಲ್ಲಿ ಮಳೆ ವರ್ಷಕ್ಕೆ 2,000 ಮಿಲಿಮೀಟರ್ ದಾಟುತ್ತದೆ. ನಮ್ಮ ಮಲೆನಾಡಿನ ಹಾಗೆ ಮುಂಗಾರಿನಲ್ಲಿ ಸುರಿದು ಹೋಗುವುದಿಲ್ಲ, ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ತಣ್ಣಗೆ ಹಿಡಿದುಕೊಂಡೇ ಇರುತ್ತದೆ. ನೆಲವೆಲ್ಲ ಬೇರು, ಜಾರುವ ಬಂಡೆ, ಬಿದ್ದ ಮರ, ಕೆಸರು. ಆ ಕೆಸರನ್ನೂ ದಿಮ್ಮಿಗಳನ್ನೂ ದಾಟಲು 1980ರ ದಶಕದ ಕೊನೆ ಮತ್ತು 90ರ ದಶಕದಲ್ಲಿ ಟಾಡ್ ಫಿಯಾಂಡರ್ ಮತ್ತಿತರರು ಸೀಡರ್ ಮರದ ಏಣಿಯಂಥ ಸೇತುವೆಗಳನ್ನು ಕಟ್ಟಿದರು. ದಾಟಲು ಕಟ್ಟಿದ್ದು ಬೇಗನೆ ಆಟವಾಯಿತು. ಸೇತುವೆ ಕಿರಿದಾಯಿತು, ಎತ್ತರವಾಯಿತು, ಕೊನೆಯಲ್ಲಿ ಹಾರುವುದಕ್ಕೊಂದು ಅಂಚೂ ಬಂತು. ಇವತ್ತು ಹಲವು ದೇಶಗಳ ಬೈಕ್ ಪಾರ್ಕ್‌ಗಳಲ್ಲಿ ಕಾಣುವ ಸ್ಕಿನ್ನಿ (ಕಿರಿದಾದ ಮರದ ಸೇತುವೆ), ಡ್ರಾಪ್‌ಗಳಲ್ಲಿ (ಅಂಚಿನಿಂದ ಕೆಳಕ್ಕೆ ಹಾರುವ ಜಾಗ) ಈ ಕಾಡಿನ ಗುರುತಿದೆ.

ಫ್ರೋಮ್ ಬೆಟ್ಟದ ಒಂದು ಹಳೆಯ ದಾರಿಯಲ್ಲಿ ಸುಮಾರು 120 ಮೀಟರ್ ಉದ್ದದ ತುಂಡು ಮಳೆನೀರಿಗೆ ಕೊರೆದು ಮೊಣಕಾಲುದ್ದದ ಕಾಲುವೆಯಾಗಿತ್ತು. ಅದನ್ನು ಮುಚ್ಚಿ ಪಕ್ಕದಲ್ಲಿ ಹೊಸ ದಾರಿ ತೆಗೆದು, ಅದರಲ್ಲಿ ಐದು ಅಡೆತಡೆ ಕೂರಿಸುವ ಕೆಲಸದಲ್ಲಿ ನಾವು ಸ್ವಯಂಸೇವಕರಾಗಿ ಕೈ ಹಾಕಿದ್ದೆವು. ಒಂದು ಬಂಡೆ ಇಳಿತ, ಒಂದು ಕಲ್ಲುಹಾಸು, ಒಂದು ಸ್ಕಿನ್ನಿ, ಒಂದು ಬರ್ಮ್, ಒಂದು ಡ್ರಾಪ್. ಅದನ್ನು ಹೇಗೆ ಮಾಡಿದೆವು, ಯಾವುದು ಎಲ್ಲಿ ಕೆಡುತ್ತದೆ ಎಂಬುದನ್ನು ಇಲ್ಲಿ ಬರೆದಿದೆ. ಮೊದಲೇ ಒಂದು ಮಾತು. ಜಮೀನಿನ ಯಜಮಾನರ ಅನುಮತಿ ಇಲ್ಲದೆ ಇಲ್ಲಿ ಸಲಿಕೆ ಇಡುವಂತಿಲ್ಲ. ಕದ್ದು ಕಟ್ಟಿದ್ದನ್ನು ಕಿತ್ತುಹಾಕುತ್ತಾರೆ, ಅದರ ಕೆಸರು ಅನುಮತಿ ಪಡೆದು ಕೆಲಸ ಮಾಡುವವರಿಗೂ ಅಂಟುತ್ತದೆ. 1997ರಲ್ಲಿ ಹುಟ್ಟಿದ ನಾರ್ತ್ ಶೋರ್ ಮೌಂಟನ್ ಬೈಕ್ ಅಸೋಸಿಯೇಷನ್ ಇಷ್ಟು ವರ್ಷ ದಾರಿಗಳನ್ನು ಉಳಿಸಿಕೊಂಡು ಬಂದದ್ದು ಈ ಶಿಸ್ತಿನಿಂದಲೇ.

ನಮ್ಮ ಇಡೀ ಕೆಲಸಕ್ಕೆ ಅಡಿಪಾಯವಾಗಿದ್ದ ವಿಚಾರ ಒಂದೇ: ಅಡೆತಡೆ ಎಷ್ಟು ಕಷ್ಟ ಬೇಕಾದರೂ ಇರಲಿ, ಅದು ಸವಾರನಿಗೆ ಮೊದಲೇ ಕಾಣಬೇಕು, ಬೇಡ ಅನ್ನುವವನಿಗೆ ಬೇರೆ ದಾರಿ ಇರಬೇಕು, ಬಿದ್ದರೆ ಬೀಳುವ ಜಾಗ ಚೊಕ್ಕವಾಗಿರಬೇಕು. ತಿರುವಿನ ಹಿಂದೆ ಅಡಗಿ ಕೂತ 30 ಸೆಂಟಿಮೀಟರ್ ಗುಂಡಿ, ನೇರವಾಗಿ ಎದುರಿಗೆ ಕಾಣುವ ಒಂದು ಮೀಟರ್ ಡ್ರಾಪ್‌ಗಿಂತ ಕೆಟ್ಟದ್ದು. ಮೊದಲಿನದು ಕೌಶಲವನ್ನು ಕೇಳುವುದೇ ಇಲ್ಲ, ಸುಮ್ಮನೆ ಮೂಳೆ ಮುರಿಯುತ್ತದೆ.

ಮೊದಲ ಕೆಲಸ ನಡಿಗೆ. ಜೋರು ಮಳೆಯ ದಿನವೇ ಹೋಗಬೇಕು, ಆಗ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ನೆಲವೇ ತೋರಿಸುತ್ತದೆ. ಕ್ಲೈನೋಮೀಟರ್ ಹಿಡಿದು ಇಳಿಜಾರು ಅಳೆದು, ಬಣ್ಣದ ಪಟ್ಟಿಯನ್ನು ಕೊಂಬೆಗೆ ಕಟ್ಟುತ್ತಾ ಹೋಗುತ್ತೇವೆ. ಎರಡು ಲೆಕ್ಕ ತಪ್ಪಬಾರದು. ದಾರಿಯ ಸರಾಸರಿ ಇಳಿಜಾರು ಶೇಕಡಾ 10ರ ಆಸುಪಾಸಿನಲ್ಲಿರಬೇಕು, ಮತ್ತು ಯಾವ ಜಾಗದಲ್ಲೂ ಅದು ಪಕ್ಕದ ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು. ಗುಡ್ಡದ ಇಳಿಜಾರು ಶೇಕಡಾ 16 ಇದ್ದಲ್ಲಿ ದಾರಿ ಶೇಕಡಾ 8ಕ್ಕಿಂತ ಕಡಿದಾದರೆ ನೀರು ಅಡ್ಡ ದಾಟುವುದು ಬಿಟ್ಟು ದಾರಿಯನ್ನೇ ಹಿಡಿದು ಇಳಿಯುತ್ತದೆ. ಹಳೆಯ ದಾರಿ ಹಾಳಾದದ್ದು ಹೀಗೇ, ಯಾರೋ ನೇರ ಕೆಳಕ್ಕೆ ಗೆರೆ ಎಳೆದಿದ್ದರು. ಇದರ ಜೊತೆಗೆ ಪ್ರತಿ 10–15 ಮೀಟರಿಗೊಮ್ಮೆ ದಾರಿ ಸ್ವಲ್ಪ ಮೇಲೆದ್ದು ಮತ್ತೆ ಇಳಿಯುವಂತೆ ಗೆರೆ ಹಾಕಬೇಕು. ಆ ತಗ್ಗಿನಲ್ಲಿ ನೀರು ಹೊರಗೆ ಹರಿಯುತ್ತದೆ, ಸವಾರನಿಗೆ ಸೈಕಲ್ ಒತ್ತಿ ಎತ್ತುವ ಮಜವೂ ಸಿಗುತ್ತದೆ. ತೋಟದಲ್ಲಿ ಬಸಿಗಾಲುವೆ ತೆಗೆದವರಿಗೆ ಈ ಭಾಗ ಹೇಳಿಕೊಡಬೇಕಾಗಿಯೇ ಇಲ್ಲ.

ಸಾಮಾನು ಹೆಚ್ಚೇನಿಲ್ಲ. ಒಂದು ಬದಿ ಕೊಡಲಿ ಇನ್ನೊಂದು ಬದಿ ಗುದ್ದಲಿ ಇರುವ ಪುಲಾಸ್ಕಿ, ಅಗಲ ಬಾಯಿಯ ಒಂದು ಬದಿ ಹಲ್ಲಿರುವ ಮೆಕ್ಲೌಡ್, ಸಲಿಕೆ, ಒಂದೂವರೆ ಮೀಟರ್ ಉದ್ದದ ಕಬ್ಬಿಣದ ಹಾರೆ ಎರಡು, 20 ಲೀಟರ್ ಬಕೆಟ್‌ಗಳು, ರಸಮಟ್ಟ, ಬೆಣೆ, ದೊಡ್ಡ ಸುತ್ತಿಗೆ. ಬಕೆಟ್ ಪೂರ್ತಿ ತುಂಬಬಾರದು. ಒದ್ದೆ ಮಣ್ಣು ತುಂಬಿದ 20 ಲೀಟರ್ ಬಕೆಟ್ 30 ಕಿಲೋ ದಾಟುತ್ತದೆ, ಇಳಿಜಾರಿನಲ್ಲಿ ಹೊತ್ತವರ ಸೊಂಟ ಹಿಡಿಯುತ್ತದೆ. ಮುಕ್ಕಾಲು ಸಾಕು.

ಈ ಕಾಡಿನ ನೆಲದ ಮೇಲ್ಪದರ ಸೂಜಿ ಎಲೆ, ಕೊಳೆತ ಮರ, ಕಪ್ಪು ಗೊಬ್ಬರದ ಮಣ್ಣು. ನೋಡಲು ಚೆಂದ, ಮೊದಲ ವಾರ ಸೈಕಲ್ಲಿಗೂ ಹಿತ, ಆಮೇಲೆ ಸ್ಪಂಜಿನಂತೆ ನೀರು ಕುಡಿದು ಕೆಸರಾಗುತ್ತದೆ. ಅದನ್ನು ಪೂರ್ತಿ ಕೆರೆದು ಬದಿಗೆ ಹಾಕಲೇಬೇಕು. 30ರಿಂದ 50 ಸೆಂಟಿಮೀಟರ್ ಕೆಳಗೆ ಹಿಮನದಿ ಬಿಟ್ಟುಹೋದ ಕಿತ್ತಳೆ–ಕಂದು ಬಣ್ಣದ, ಸಣ್ಣ ಕಲ್ಲು ಬೆರೆತ ಮಣ್ಣು ಸಿಗುತ್ತದೆ. ಇಲ್ಲಿನವರು ಅದನ್ನು ಚಿನ್ನ ಎಂದೇ ಕರೆಯುತ್ತಾರೆ. ದಾರಿಯಿಂದ ಸ್ವಲ್ಪ ದೂರ, ಕಣ್ಣಿಗೆ ಬೀಳದ ಕಡೆ ಗುಂಡಿ ತೋಡಿ ಅದನ್ನು ತೆಗೆದು, ಗುಂಡಿಗೆ ಕೆರೆದ ಕಪ್ಪು ಮಣ್ಣನ್ನು ತುಂಬಿ ಮೇಲೆ ಎಲೆ ಹರಡುತ್ತೇವೆ. ತಂದ ಮಣ್ಣನ್ನು ಒಂದೇ ಸಲ ಸುರಿಯಬಾರದು. 10–15 ಸೆಂಟಿಮೀಟರ್ ಪದರ ಹಾಕಿ ದಮ್ಮಸ್ಸು ಮಾಡಿ, ಮೇಲ್ಮೈ ಗೀಚಿ, ಮುಂದಿನ ಪದರ. ಒಣಗಿದ್ದರೆ ಎಷ್ಟು ಬಡಿದರೂ ಕೂರುವುದಿಲ್ಲ, ಹೆಚ್ಚು ಒದ್ದೆಯಾದರೆ ಒಂದು ಕಡೆ ಒತ್ತಿದಾಗ ಇನ್ನೊಂದು ಕಡೆ ಉಬ್ಬುತ್ತದೆ. ಮುಷ್ಟಿಯಲ್ಲಿ ಹಿಂಡಿದರೆ ರವೆ ಉಂಡೆ ಕಟ್ಟುವ ಹದದಲ್ಲಿ ಒಟ್ಟುಗೂಡಬೇಕು, ಬೆರಳ ಸಂದಿಯಲ್ಲಿ ನೀರು ಬರಬಾರದು. ಹಾಗಾಗಿ ಇಲ್ಲಿ ಮಣ್ಣಿನ ಕೆಲಸಕ್ಕೆ ವಸಂತ ಮತ್ತು ಶರತ್ಕಾಲ ಒಳ್ಳೆಯದು. ಬೇಸಿಗೆಯಲ್ಲಿ ಮರದ ಕೆಲಸ, ಕಲ್ಲಿನ ಕೆಲಸ ಇಟ್ಟುಕೊಂಡರೆ ಸಮಯ ವ್ಯರ್ಥವಾಗದು.

ಬಂಡೆ ಇಳಿತವನ್ನು ನಾವು ತುಂಡಿನ ಮೊದಲಲ್ಲೇ ಇಟ್ಟೆವು, ಬೇಕೆಂದೇ. ಮುಂದೆ ಬರುವುದು ಯಾವ ಮಟ್ಟದ್ದು ಎಂಬುದನ್ನು ಬಾಗಿಲಲ್ಲೇ ಹೇಳಬೇಕು. ಮೊದಲ ಅಡೆತಡೆ ಸುಲಭವಾಗಿದ್ದು ನಾಲ್ಕನೆಯದು ಕಡಿದಾಗಿದ್ದರೆ, ಅರ್ಧ ದಾರಿಯಲ್ಲಿ ಸಿಕ್ಕಿಬಿದ್ದವನು ಧೈರ್ಯವಿಲ್ಲದೆಯೂ ಪ್ರಯತ್ನಿಸುತ್ತಾನೆ. ನಮ್ಮ ಬಂಡೆ ಕಾಡಿನಲ್ಲಿ ಮೊದಲೇ ಇದ್ದ ಗ್ರಾನೈಟ್, ಆಳುದ್ದ ಎತ್ತರ, ಮುಖ ಸುಮಾರು 40 ಡಿಗ್ರಿ. ಇಂಥ ಬಂಡೆಯಲ್ಲಿ ಮುಖ ಅಷ್ಟಾಗಿ ಕೆಡಕು ಮಾಡುವುದಿಲ್ಲ, ಬುಡ ಮಾಡುತ್ತದೆ. 40 ಡಿಗ್ರಿ ಇಳಿಯುತ್ತಾ ಬಂದ ಮುಂದಿನ ಚಕ್ರ ಥಟ್ಟನೆ ಸಮತಟ್ಟು ನೆಲಕ್ಕೆ ಬಡಿದರೆ ಆ ಚಕ್ರವನ್ನು ಹಿಡಿದಿರುವ ಫೋರ್ಕ್ ಪೂರ್ತಿ ಒತ್ತಿಕೊಳ್ಳುತ್ತದೆ, ಸವಾರ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹೋಗುತ್ತಾನೆ. ಅದಕ್ಕೆ ಬುಡದಲ್ಲಿ ಬಾಗು ಕಟ್ಟಬೇಕು. 2 ಮೀಟರ್ ತ್ರಿಜ್ಯದ ಬಾಗು ಇಟ್ಟರೆ 40 ಡಿಗ್ರಿ ತಿರುಗಿ ಸಮತಟ್ಟಾಗಲು 1.4 ಮೀಟರ್ ಉದ್ದ ಬೇಕು. ಅಷ್ಟು ಉದ್ದಕ್ಕೆ ಕಲ್ಲು ಹೊಂದಿಸಿದೆವು. ಮಣ್ಣಿನಲ್ಲಿ ಈ ಬಾಗು ಮಾಡಿದರೆ ಬ್ರೇಕ್ ಹಿಡಿದ ಚಕ್ರಗಳು ಒಂದೇ ಮಳೆಗಾಲದಲ್ಲಿ ಕೆರೆದು ಗುಂಡಿ ಮಾಡಿಬಿಡುತ್ತವೆ, ಬಂಡೆ ದಿನೇದಿನೇ ಎತ್ತರವಾಗುತ್ತದೆ.

ಕಲ್ಲು ಕೂರಿಸುವುದು ನಿಧಾನದ ಕೆಲಸ. 50×40×25 ಸೆಂಟಿಮೀಟರ್ ಗ್ರಾನೈಟ್ ತುಂಡು ಸುಮಾರು 135 ಕಿಲೋ ತೂಗುತ್ತದೆ. ಎತ್ತುವ ಮಾತಿಲ್ಲ, ಎರಡು ಹಾರೆ ಹಾಕಿ ಮಗುಚುತ್ತಾ ತರಬೇಕು, ಇಳಿಜಾರಿನ ಕೆಳಬದಿಯಲ್ಲಿ ಯಾರೂ ನಿಲ್ಲಬಾರದು. ಕೆಲಸ ಬುಡದಿಂದ ಮೇಲಕ್ಕೆ. ಅತಿ ದೊಡ್ಡ ಕಲ್ಲನ್ನು ಎಲ್ಲಕ್ಕಿಂತ ಕೆಳಗೆ, ಮೂರನೆಯ ಎರಡು ಭಾಗ ನೆಲದೊಳಗೆ ಹೋಗುವಂತೆ ಹೂಳುತ್ತೇವೆ. ಮೇಲಿನ ಸಾಲುಗಳೆಲ್ಲ ಅದಕ್ಕೆ ಆತುಕೊಳ್ಳುತ್ತವೆ. ಚಪ್ಪಟೆ ಕಲ್ಲನ್ನು ಮಲಗಿಸಿದರೆ ನೋಡಲು ಅಂದ, ಆದರೆ ಚಕ್ರ ಅಂಚನ್ನು ತುಳಿದಾಗ ಎದ್ದು ಬರುತ್ತದೆ. ಉದ್ದ ಭಾಗ ನೆಲದೊಳಗೆ ಹೋಗುವಂತೆ ನಿಲ್ಲಿಸಿ ಹೂಳಿದ್ದು ಅಲುಗುವುದಿಲ್ಲ. ಸಂದುಗಳು ಸವಾರಿಯ ದಿಕ್ಕಿಗೆ ನೇರ ಗೆರೆಯಾಗಬಾರದು, ಟಯರ್ ಅದರಲ್ಲಿ ಸಿಕ್ಕಿಕೊಳ್ಳುತ್ತದೆ, ನೀರೂ ಅದೇ ಗೆರೆ ಹಿಡಿಯುತ್ತದೆ. ಪ್ರತಿ ಕಲ್ಲಿನ ಮೇಲೂ ನಿಂತು ಕುಣಿದು ನೋಡುವುದು ನಮ್ಮ ಪರೀಕ್ಷೆ. ಕೂದಲೆಳೆಯಷ್ಟು ಅಲುಗಿದರೂ ಕಿತ್ತು ಮತ್ತೆ ಕೂರಿಸಬೇಕು, ಸಂದಿಗೆ ಜಲ್ಲಿ ತುರುಕಿ ಸಮಾಧಾನ ಪಟ್ಟುಕೊಳ್ಳುವಂತಿಲ್ಲ.

ಬಂಡೆಯ ನೆತ್ತಿಗೆ ಬರುವ ದಾರಿ 3–4 ಮೀಟರ್ ನೇರವಾಗಿರಬೇಕು. ಓರೆಯಾಗಿ ಬಂದವನು ಮುಖದ ಮೇಲೆ ಹ್ಯಾಂಡಲ್ ತಿರುಗಿಸಲು ಹೋಗಿ ಬೀಳುತ್ತಾನೆ. ಇಳಿದ ಮೇಲೆ ಬ್ರೇಕ್ ಹಿಡಿಯಲು 5–6 ಮೀಟರ್ ನೇರ ಜಾಗ ಬೇಕು. ಪಾಚಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆದು, ಬಂಡೆಯ ಮೇಲ್ಗಡೆಯಿಂದ ಒಸರುವ ನೀರಿಗೆ ಸಣ್ಣ ಕಾಲುವೆ ತೆಗೆದು ಬದಿಗೆ ತಿರುಗಿಸಿದೆವು. ನೀರು ತಿರುಗಿಸದೆ ಬರೀ ಪಾಚಿ ಉಜ್ಜಿದರೆ ಮುಂದಿನ ಚಳಿಗಾಲಕ್ಕೆ ಅದು ಮತ್ತೆ ಹಾಜರು.

ಇದನ್ನು ಇಳಿಯುವ ಕ್ರಮ: ಸೀಟು ಪೂರ್ತಿ ಕೆಳಗೆ, ಪೆಡಲ್ ಎರಡೂ ಒಂದೇ ಮಟ್ಟ, ಹಿಮ್ಮಡಿ ಕೆಳಕ್ಕೆ. ವೇಗವನ್ನು ಅಂಚಿಗೆ ಬರುವ ಮೊದಲೇ ಇಳಿಸಿಕೊಳ್ಳಬೇಕು. ಚಕ್ರ ಅಂಚು ದಾಟುವಾಗ ತೋಳು ಮುಂದಕ್ಕೆ ಚಾಚಿ ಸೈಕಲ್ಲನ್ನು ಕೆಳಗೆ ಹೋಗಲು ಬಿಟ್ಟರೆ ಎದೆ ತಾನಾಗಿ ನೆಲಕ್ಕೆ ಸಮಾನಾಂತರವಾಗಿ ಉಳಿಯುತ್ತದೆ. ಹೊಸಬರು ಸೀಟಿನ ಹಿಂದಕ್ಕೆ ಪೂರ್ತಿ ಜೋತುಬೀಳುತ್ತಾರೆ. ಆಗ ಮುಂದಿನ ಚಕ್ರದ ಮೇಲೆ ಭಾರವಿಲ್ಲದೆ ಅದು ಹಿಡಿತ ಬಿಡುತ್ತದೆ, ತೋಳು ಆಗಲೇ ಚಾಚಿ ಮುಗಿದಿರುವುದರಿಂದ ಬುಡದ ಬಾಗಿನಲ್ಲಿ ಸೈಕಲ್ ಅವರನ್ನು ಎಳೆದುಹಾಕುತ್ತದೆ.

ಬಂಡೆ ದಾಟಿದ ಮೇಲೆ ಕಲ್ಲುಹಾಸು, ಸುಮಾರು 8 ಮೀಟರ್. ಇದನ್ನು ಕಟ್ಟುವಾಗ ಸೈಕಲ್ಲಿನ ಅಳತೆಯೇ ನಮ್ಮ ಅಳತೆಗೋಲು. 29 ಇಂಚಿನ ಚಕ್ರಕ್ಕೆ ಟಯರ್ ಸೇರಿ ತ್ರಿಜ್ಯ 37 ಸೆಂಟಿಮೀಟರ್. ಎರಡು ಕಲ್ಲುಗಳ ನಡುವೆ 40 ಸೆಂಟಿಮೀಟರ್ ಸಂದು ಬಿಟ್ಟರೆ ಚಕ್ರ ಅದರೊಳಗೆ ಸುಮಾರು 6 ಸೆಂಟಿಮೀಟರ್ ಇಳಿಯುತ್ತದೆ. 60 ಬಿಟ್ಟರೆ 15 ಇಳಿಯುತ್ತದೆ. ಮೊದಲಿನದು ಕುಲುಕಾಟ, ಎರಡನೆಯದು ನಿಲುಗಡೆ. ಆದ್ದರಿಂದ ಮುಖ್ಯ ಗೆರೆಯಲ್ಲಿ 40ಕ್ಕಿಂತ ಅಗಲದ ಸಂದು ಆಳವಾಗಿ ಬಿಡಲಿಲ್ಲ. ಇನ್ನು ಪೆಡಲ್. ಕ್ರ್ಯಾಂಕ್ ತಿರುಗುವ ಅಚ್ಚು ನೆಲದಿಂದ ಸುಮಾರು 34 ಸೆಂಟಿಮೀಟರ್ ಎತ್ತರ, ಪೆಡಲ್ ಹಿಡಿದ ಕ್ರ್ಯಾಂಕ್‌ನ ಉದ್ದ 17, ಸವಾರ ಕೂತಾಗ ಸಸ್ಪೆನ್ಷನ್ ಇಳಿಯುವುದು 4–5. ಲೆಕ್ಕ ಹಾಕಿದರೆ ಕೆಳಗಿರುವ ಪೆಡಲ್ಲಿಗೆ 12–13 ಸೆಂಟಿಮೀಟರ್ ಜಾಗ ಮಾತ್ರ ಉಳಿಯುತ್ತದೆ. ಗೆರೆಯ ಎರಡೂ ಬದಿಗೆ ಅದಕ್ಕಿಂತ ಎತ್ತರದ ಕಲ್ಲು ನಿಲ್ಲಿಸಿದರೆ, ಪೆಡಲ್ ತುಳಿಯಲೇಬೇಕಾದ ಜಾಗದಲ್ಲಿ ಅದು ಬಡಿದು ಸವಾರ ಪಕ್ಕಕ್ಕೆ ಹಾರುತ್ತಾನೆ. ಎತ್ತರದ ಕಲ್ಲು ಬೇಕೇ ಬೇಕು ಅನಿಸಿದರೆ ಇಳಿಜಾರಿನ ಭಾಗದಲ್ಲಿ ಇಡಬೇಕು, ಅಲ್ಲಿ ಪೆಡಲ್ ಮಟ್ಟವಾಗಿ ಹಿಡಿದುಕೊಂಡೇ ಸಾಗಬಹುದು. ದಿಮ್ಮಿ ದಾಟಿಸುವ ಜಾಗಗಳಲ್ಲೂ ಇದೇ ಲೆಕ್ಕ: 25 ಸೆಂಟಿಮೀಟರ್ ಮೀರಿದ ದಿಮ್ಮಿಗೆ ಹಲ್ಲುಚಕ್ರ ತಾಗುತ್ತದೆ, ಎರಡೂ ಬದಿಗೆ ಚಿಕ್ಕ ದಿಮ್ಮಿ ಆನಿಸಿದರೆ ತಾಗುವುದಿಲ್ಲ.

ಕಲ್ಲುಹಾಸಿನಲ್ಲಿ ಗೆರೆ ಒಂದೇ ಇರಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಎಡಕ್ಕೆ ನಯವಾದ ಆದರೆ ಬಳಸಿ ಹೋಗುವ ಗೆರೆ, ಬಲಕ್ಕೆ ಒರಟಾದ ನೇರ ಗೆರೆ. ಕಲಿಯುವವನು ಎಡದಲ್ಲಿ ಹೋಗುತ್ತಾನೆ, ನುರಿತವನು ಬಲದಲ್ಲಿ ಎರಡು ಸೆಕೆಂಡ್ ಉಳಿಸುತ್ತಾನೆ. ಸುಲಭದ ಗೆರೆಯೇ ವೇಗದ್ದೂ ಆಗಿಬಿಟ್ಟರೆ ಕಷ್ಟದ ಗೆರೆಯ ಮೇಲೆ ಪಾಚಿ ಬೆಳೆಯುತ್ತದೆ.

ಸ್ಕಿನ್ನಿ ಈ ಕಾಡಿನ ಸ್ವಂತ ಸೊತ್ತು, ಹಾಗಾಗಿ ಅದಕ್ಕೆ ಹೆಚ್ಚು ಹೊತ್ತು ಕೊಟ್ಟೆವು. ಒಟ್ಟು 9 ಮೀಟರ್, 3 ಮೀಟರಿನ ಮೂರು ಕಣ. ಅಗಲ ಮೊದಲ ಕಣದಲ್ಲಿ 60 ಸೆಂಟಿಮೀಟರ್, ಎರಡನೆಯದರಲ್ಲಿ 40, ಕೊನೆಯದರಲ್ಲಿ 25. ಎತ್ತರ ಹೆಚ್ಚೆಂದರೆ 60, ಅತಿ ಕಿರಿದಾದ ಕೊನೆಯ ಕಣದಲ್ಲಿ 45. 1988ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಮೌಂಟನ್ ಬೈಸಿಕ್ಲಿಂಗ್ ಅಸೋಸಿಯೇಷನ್‌ನ ಮಾರ್ಗಸೂಚಿ ನೀಲಿ ಚೌಕದ, ಅಂದರೆ ಮಧ್ಯಮ ಕಷ್ಟದ ದಾರಿಗೆ ಹೇಳುವುದೂ ಇದನ್ನೇ: ಎತ್ತರ ಸುಮಾರು 60 ಸೆಂಟಿಮೀಟರ್ ಮೀರದಿರಲಿ, ಹಾಸಿನ ಅಗಲ ಎತ್ತರದ ಅರ್ಧಕ್ಕಿಂತ ಹೆಚ್ಚಿರಲಿ. ಅಗಲವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದರಿಂದ, ಮೊದಲ ಕಣದಲ್ಲೇ ತೂಗಾಡಿದವನು ಎರಡನೆಯದರ ಆರಂಭದಲ್ಲಿ ಕಾಲಿಳಿಸಿ ಪಕ್ಕಕ್ಕೆ ಹೋಗಬಹುದು. ಎರಡೂ ಬದಿಗೆ ಒಂದೂವರೆ ಮೀಟರ್ ಅಗಲಕ್ಕೆ ಮೊಳಕೆ, ಚೂಪು ಬುಡ, ಕಲ್ಲು ಎಲ್ಲ ತೆಗೆದೆವು. ಬೇರೆ ಕಡೆ ನೋಡಿದ ಸ್ಕಿನ್ನಿಗಳಲ್ಲಿ ಜನ ಗಾಯಗೊಳ್ಳುವುದು ಬಹುತೇಕ ಎತ್ತರದಿಂದಲ್ಲ, ಕೆಳಗೆ ಬಿಟ್ಟ ಕತ್ತರಿಸಿದ ಕೊಂಬೆಯ ಮೊನೆಯಿಂದ.

ಮರ ಕೆಂಪು ಸೀಡರ್. ಶತಮಾನದ ಹಿಂದೆ ಇಲ್ಲಿ ಮರ ಕಡಿದಾಗ ಬಿಟ್ಟುಹೋದ ದಿಮ್ಮಿ, ಬೊಡ್ಡೆಗಳು ಒಳಗೆ ಇನ್ನೂ ಗಟ್ಟಿಯಾಗಿವೆ, ಅಷ್ಟು ಕೊಳೆಯದ ಮರ ಅದು. ಎಳೆ ನೇರವಾಗಿರುವುದರಿಂದ ಬೆಣೆ ಹಾಕಿ ಸೀಳಿದರೆ ಹಲಗೆ ತಾನೇ ಬಿಟ್ಟುಕೊಡುತ್ತದೆ. ಸಾ ಮಿಲ್ಲಿನಲ್ಲಿ ಕೊಯ್ದ ಹಲಗೆಗಿಂತ ಸೀಳಿದ್ದೇ ಮೇಲು. ಮೇಲ್ಮೈ ಏರುಪೇರಾಗಿದ್ದು ಒದ್ದೆಯಲ್ಲೂ ಟಯರ್ ಹಿಡಿಯುತ್ತದೆ, ಎಳೆ ಕತ್ತರಿಸದ ಕಾರಣ ನೀರೂ ಒಳಗಿಳಿಯುವುದಿಲ್ಲ. ಉದ್ದದ ತೊಲೆಗಳು 20 ಸೆಂಟಿಮೀಟರ್ ದಪ್ಪ, ತೊಗಟೆ ಪೂರ್ತಿ ಸುಲಿದದ್ದು. ತೊಗಟೆ ಬಿಟ್ಟರೆ ಅದರಡಿ ನೀರು ನಿಂತು ಮರ ಕೊಳೆಯುವುದು ಅಲ್ಲಿಂದಲೇ ಶುರು. ತೊಲೆಯ ತುದಿ ಮಣ್ಣಿಗೆ ತಾಗಬಾರದು, ಚಪ್ಪಟೆ ಕಲ್ಲಿನ ಮೇಲೆ ಕೂರಬೇಕು. ಅಡ್ಡಪಟ್ಟಿ ಸುಮಾರು 9 ಸೆಂಟಿಮೀಟರ್ ಅಗಲ, ನಡುವೆ 2.5 ಸೆಂಟಿಮೀಟರ್ ಸಂದು. ಇದಕ್ಕಿಂತ ಕಡಿಮೆ ಬಿಟ್ಟರೆ ಸೂಜಿ ಎಲೆ ತುಂಬಿ ಗೊಬ್ಬರವಾಗುತ್ತದೆ, ಹೆಚ್ಚು ಬಿಟ್ಟರೆ ಚಕ್ರ ಕುಲುಕಿ ಸಮತೋಲ ತಪ್ಪುತ್ತದೆ. 9 ಮೀಟರಿಗೆ 78 ಪಟ್ಟಿ, ಒಂದಕ್ಕೆ ನಾಲ್ಕರಂತೆ 300ಕ್ಕೂ ಮೇಲೆ ಸುರುಳಿ ಮೊಳೆ, ಸತು ಲೇಪದ 4 ಇಂಚಿನವು. ಎರಡು ಮೊಳೆಯನ್ನು ಒಂದೇ ಎಳೆಯ ಮೇಲೆ ಹೊಡೆದರೆ ಪಟ್ಟಿ ಸೀಳುತ್ತದೆ, ಓರೆಕೋರೆಯಾಗಿ ಹೊಡೆಯಬೇಕು, ತಲೆಯನ್ನು ಮೇಲ್ಮೈಗಿಂತ ತುಸು ಒಳಗಿಳಿಸಬೇಕು. ಜೀವಂತ ಮರಕ್ಕೆ ಮೊಳೆ ಹೊಡೆದು ಆಧಾರ ಮಾಡಿಕೊಳ್ಳುವುದು ಹಳೆಯ ದಿನಗಳ ಚಾಳಿ. ಮರಕ್ಕೂ ಕೆಡುಕು, ಗಾಳಿಗೆ ಮರ ತೂಗಿದಾಗ ಸೇತುವೆಯ ಕೀಲೂ ಸಡಿಲ. ಹಾಸಿನ ಮೇಲೆ ಕೋಳಿಗೂಡಿನ ತಂತಿ ಬಲೆ ಹೊದಿಸುವ ಪದ್ಧತಿಯನ್ನೂ ನಾವು ಒಪ್ಪುವುದಿಲ್ಲ. ಹೊಸದಿದ್ದಾಗ ಹಿಡಿತ ಕೊಡುತ್ತದೆ, ಸವೆದು ತುಂಡಾದ ಮೇಲೆ ಟಯರಿಗೂ ಬಿದ್ದವನ ತೋಳಿಗೂ ಮುಳ್ಳು.

ಸ್ಕಿನ್ನಿಯ ಮೇಲೆ ತೀರಾ ನಿಧಾನ ಹೋದರೆ ತೂಗಾಟ ಹೆಚ್ಚು. ಗಂಟೆಗೆ 7–8 ಕಿಲೋಮೀಟರ್, ಅಂದರೆ ಚುರುಕು ನಡಿಗೆಗಿಂತ ತುಸು ಜಾಸ್ತಿ ವೇಗ ಸರಿ. ಹಗುರ ಗೇರ್, ಪೆಡಲ್ ತುಳಿಯುತ್ತಲೇ ಹಿಂದಿನ ಬ್ರೇಕನ್ನು ತುಸು ಒತ್ತಿ ಹಿಡಿದರೆ ಸೈಕಲ್ ಬಿಗಿಯಾಗಿ ನಿಲ್ಲುತ್ತದೆ. ನೋಟ ಮೂರು ಮೀಟರ್ ಮುಂದೆ. ಮುಂದಿನ ಚಕ್ರವನ್ನು ನೋಡಿದ ಕ್ಷಣ ಹ್ಯಾಂಡಲ್ ಅಲ್ಲಾಡುತ್ತದೆ. ಹಾಸಿನ ಮೇಲೆ ಮುಂದಿನ ಬ್ರೇಕ್ ಹಿಡಿಯುವುದೂ, ಹ್ಯಾಂಡಲ್ ತಿರುಗಿಸಿ ಸರಿಪಡಿಸಲು ಹೋಗುವುದೂ ಬೇಡ. ಮೊಣಕಾಲು ಹೊರಗೆ ಚಾಚಿದರೆ ಸಾಕು, ಸಮತೋಲ ಬರುತ್ತದೆ. ನೆಲದ ಮೇಲೆ ಅದೇ ಅಗಲದ ಹಲಗೆ ಹಾಕಿ ಅಭ್ಯಾಸ ಮಾಡುವವರು ಬೇಗ ಕಲಿಯುತ್ತಾರೆ.

ಬರ್ಮ್ ಎಂದರೆ ಹೊರ ಅಂಚು ಎತ್ತರಿಸಿದ ತಿರುವು. ಬಾಗಿಗೆ ಎಷ್ಟು ಓರೆ ಬೇಕು ಎಂಬುದನ್ನು ವೇಗ ಮತ್ತು ತ್ರಿಜ್ಯ ತೀರ್ಮಾನಿಸುತ್ತವೆ. 5 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 20 ಕಿಲೋಮೀಟರಿಗೆ ಸುಮಾರು 32 ಡಿಗ್ರಿ, 23ಕ್ಕೆ 40, 25ಕ್ಕೆ 45ರ ಹತ್ತಿರ. ನಮ್ಮದು 40. ಒಂದು ಮೀಟರ್ ಎತ್ತರ, ಹತ್ತೂವರೆ ಮೀಟರ್ ಉದ್ದ. ಇದನ್ನು ಬರೀ ಮಣ್ಣಿನಲ್ಲಿ ಎಬ್ಬಿಸಿದರೆ 11 ಘನ ಮೀಟರ್ ಬೇಕು, 15 ಲೀಟರಿನಂತೆ 700ಕ್ಕೂ ಹೆಚ್ಚು ಬಕೆಟ್. ಹಾಗಾಗಿ ಹೊಟ್ಟೆಗೆ ಕಲ್ಲು ತುಂಬಿ, ಮೇಲೆ 30 ಸೆಂಟಿಮೀಟರ್ ಒಳ್ಳೆಯ ಮಣ್ಣು ಹಾಕಿದೆವು. ಕಲ್ಲು ಸಾಕಷ್ಟು ಸಿಗದಾಗ ಹೊಟ್ಟೆಗೆ ದಿಮ್ಮಿ ಹಾಕುವ ಆಸೆ ಬರುತ್ತದೆ. ಕೆಲವು ವರ್ಷಕ್ಕೆ ಅದು ಕೊಳೆತು ಬರ್ಮ್ ನಡುವೆ ಕುಸಿಯುತ್ತದೆ, ಆಗ ಪೂರ್ತಿ ಅಗೆಯದೆ ಬೇರೆ ದಾರಿಯಿಲ್ಲ. ಬರ್ಮಿನ ಒಳಬುಡದಲ್ಲಿ ನೀರು ನಿಲ್ಲುವುದು ಇನ್ನೊಂದು ಕಾಯಿಲೆ. ತಿರುವಿಗೆ ಮೊದಲು ದಾರಿಯನ್ನು ಎಬ್ಬಿಸಿ ಮೇಲಿನ ನೀರನ್ನು ಅಲ್ಲೇ ಹೊರಹಾಕಬೇಕು, ತಿರುವಿನ ಕೊನೆಯಲ್ಲಿ ಒಳಬದಿಗೆ ಬಸಿಗಾಲುವೆ ಕೊಡಬೇಕು. ತಿರುವಿಗೆ ಮುಂಚೆ ಬ್ರೇಕಿನ ಉಬ್ಬುಗಳು ಸಾಲಾಗಿ ಎದ್ದರೆ ತಪ್ಪು ಸವಾರರದ್ದಲ್ಲ, ಬರುವ ದಾರಿ ನೇರವಾಗಿ ಉದ್ದವಾಗಿರುವುದರದ್ದು. ಅಲ್ಲಿಗೊಂದು ಸಣ್ಣ ಏರು ಕೊಟ್ಟರೆ ವೇಗ ತಾನಾಗಿ ಇಳಿಯುತ್ತದೆ, ಉಬ್ಬು ಹುಟ್ಟುವುದಿಲ್ಲ.

ಕೊನೆಯದು ಡ್ರಾಪ್. ನೋಡುವವರ ಕಣ್ಣು ಅಂಚಿನ ಎತ್ತರದ ಮೇಲೆ, ಕಟ್ಟುವವರ ಕಣ್ಣು ಇಳಿಯುವ ಜಾಗದ ಮೇಲೆ. ನಮ್ಮ ಅಂಚು 40 ಸೆಂಟಿಮೀಟರ್ ಕಲ್ಲಿನ ಗೋಡೆ. ಅದರ ಬುಡದಲ್ಲಿ ಒಂದು ಮೀಟರ್ ಸಮತಟ್ಟು, ಅಲ್ಲಿಂದ 25 ಡಿಗ್ರಿ ಇಳಿಜಾರು. ಗಂಟೆಗೆ 15 ಕಿಲೋಮೀಟರಿನಲ್ಲಿ ಬಂದವನು ಅಂಚಿನಿಂದ ಒಂದೂವರೆ ಮೀಟರ್ ದೂರದಲ್ಲಿ, 60 ಸೆಂಟಿಮೀಟರ್ ಕೆಳಗೆ, ಇಳಿಜಾರಿನ ಮೇಲೆ ಇಳಿಯುತ್ತಾನೆ. ಅಷ್ಟೇ ಎತ್ತರದಿಂದ ಸಮತಟ್ಟು ನೆಲಕ್ಕೆ ಬಿದ್ದಿದ್ದರೆ ಪೂರ್ತಿ 60 ಸೆಂಟಿಮೀಟರಿನ ಏಟು ಮೈಗೆ ತಾಗುತ್ತಿತ್ತು. ಸೈಕಲ್ ಹಾರಿ ಬರುವ ಕೋನಕ್ಕೆ ಇಳಿಜಾರು ಹತ್ತಿರವಿರುವುದರಿಂದ ತಾಗುವ ಏಟು ಬರೀ 9–10 ಸೆಂಟಿಮೀಟರ್ ಎತ್ತರದಿಂದ ಬಿದ್ದಷ್ಟು. ಗಂಟೆಗೆ 25ರಲ್ಲಿ ಬಂದವನು ಸುಮಾರು 4.4 ಮೀಟರ್ ದೂರ ಹೋಗಿ ಇಳಿಯುತ್ತಾನೆ, ಅವನಿಗೆ ತಾಗುವುದು 38 ಸೆಂಟಿಮೀಟರಿನಷ್ಟು. ಆದ್ದರಿಂದ ಇಳಿಜಾರನ್ನು ಐದೂವರೆ ಮೀಟರ್‌ವರೆಗೆ ಎಳೆದೆವು. ಅರ್ಧಕ್ಕೇ ನಿಲ್ಲಿಸಿದ್ದರೆ ವೇಗದವನು ಅದನ್ನು ದಾಟಿ ಸಮತಟ್ಟಿಗೆ ಬಿದ್ದು ಮಣಿಕಟ್ಟು ಮುರಿದುಕೊಳ್ಳುತ್ತಿದ್ದ. ತೀರಾ ನಿಧಾನದವನು ಬುಡದ ಸಮತಟ್ಟಿಗೇ ಇಳಿಯುತ್ತಾನೆ, 40 ಸೆಂಟಿಮೀಟರ್ ಸೈಕಲ್ಲಿಗೆ ದೊಡ್ಡದಲ್ಲ. ಇದೆಲ್ಲ ಸೈಕಲ್ಲನ್ನು ಒಂದು ಚುಕ್ಕೆ ಎಂದುಕೊಂಡ ಲೆಕ್ಕ. ಎರಡು ಚಕ್ರದ ನಡುವೆ 1.2 ಮೀಟರ್ ಇರುವುದರಿಂದ ನಿಜದಲ್ಲಿ ತುಸು ಆಚೀಚೆ ಆಗುತ್ತದೆ, ಅದನ್ನು ಓಡಿಸಿ ನೋಡಿಯೇ ತಿದ್ದಬೇಕು. ಅಂಚಿನ ಹಾಸು ರಸಮಟ್ಟಕ್ಕೆ ಸರಿಯಾಗಿ ಮಟ್ಟವಾಗಿರಲಿ. ಅಂಚಿಗೆ ಮೊದಲೇ ಕೆಳಕ್ಕೆ ಬಾಗಿದ್ದರೆ ಮುಂದಿನ ಚಕ್ರ ಮೂಗು ಮುಚ್ಚಿ ಧುಮುಕುತ್ತದೆ.

ಓಡಿಸುವವನಿಗೆ ಇಲ್ಲಿ ಬೇಕಾದದ್ದು ಹ್ಯಾಂಡಲ್ ಎಳೆಯುವ ಬಲವಲ್ಲ. ಅಂಚಿನ ಹತ್ತಿರ ತಗ್ಗಿ, ಚಕ್ರ ಅಂಚು ಬಿಡುವಾಗ ಸೈಕಲ್ಲನ್ನು ಮುಂದಕ್ಕೆ ತಳ್ಳಬೇಕು. ಕೈಯಿಂದ ಜಗ್ಗಿದರೆ ಹಿಂದಿನ ಚಕ್ರ ಮೊದಲು ಬಿದ್ದು ಮುಂದಿನದು ನೆಲಕ್ಕೆ ಅಪ್ಪಳಿಸುತ್ತದೆ.

ಪರೀಕ್ಷೆಗೆ ಒಬ್ಬನೇ ನುರಿತ ಸವಾರ ಸಾಲದು. ಬೇರೆ ಬೇರೆ ತೂಕದವರು, 27.5 ಇಂಚು ಮತ್ತು 29 ಇಂಚು ಚಕ್ರದವರು, ಒಣ ದಿನ ಮತ್ತು ಮಳೆಯ ದಿನ. ಟಯರ್ ಗಾಳಿಯನ್ನೂ ಕೇಳಿಕೊಳ್ಳಬೇಕು. 75 ಕಿಲೋ ತೂಕದವನಿಗೆ 2.4 ಇಂಚಿನ ಟ್ಯೂಬ್‌ಲೆಸ್ ಟಯರಿನಲ್ಲಿ 22–25 ಪಿಎಸ್ಐ ಸಾಕು, ಮುಂದಿನದರಲ್ಲಿ ಎರಡು ಕಡಿಮೆ. 35 ಪಿಎಸ್ಐ ತುಂಬಿಸಿಕೊಂಡು ಬಂದವನು ಒದ್ದೆ ಬೇರಿನ ಮೇಲೆ ಜಾರಿ ದಾರಿಯನ್ನು ಬೈಯುತ್ತಾನೆ. ಬೇರನ್ನು ನೇರ ಅಡ್ಡಕ್ಕೆ ದಾಟಬೇಕು, ಓರೆಯಾಗಿ ಅದರ ಮೇಲೆ ಚಕ್ರ ಇಟ್ಟರೆ ಯಾವ ಟಯರೂ ನಿಲ್ಲದು. ದಾರಿಗೆ ಓರೆಯಾಗಿ ಬಿದ್ದ ದಪ್ಪ ಬೇರು ಸಿಕ್ಕಿದರೆ ನಾವು ಕಡಿಯುವುದಿಲ್ಲ, ಗೆರೆಯನ್ನೇ ಸರಿಸಿ ಸವಾರ ಅದನ್ನು ನೇರವಾಗಿ ದಾಟುವಂತೆ ಮಾಡುತ್ತೇವೆ.

ಐದರಲ್ಲಿ ಪ್ರತಿಯೊಂದಕ್ಕೂ ಪಕ್ಕದ ದಾರಿ ಕೊಟ್ಟಿದ್ದೇವೆ, ಅದು ತಿರುಗುವ ಜಾಗ ಅಡೆತಡೆಗಿಂತ ಕನಿಷ್ಠ 5 ಮೀಟರ್ ಮೊದಲೇ ಕಾಣುವಂತೆ. ಪಕ್ಕದ ದಾರಿಯನ್ನು ಹೇಗೋ ಮಾಡಿ ಬಿಟ್ಟರೆ ಅದು ಕೆಸರಾಗಿ, ಜನ ಅದರ ಪಕ್ಕದಲ್ಲಿ ಮತ್ತೊಂದು ತುಳಿಯುತ್ತಾರೆ, ಕಾಡಿನ ನೆಲ ಅಗಲಗಲಕ್ಕೆ ಹಾಳಾಗುತ್ತದೆ. ಅದಕ್ಕೂ ಅದೇ ಮಣ್ಣು, ಅದೇ ದಮ್ಮಸ್ಸು.

ಹಳೆಯ ಕಾಲುವೆಯನ್ನು ಮುಚ್ಚುವಾಗ ಬರೀ ಕೊಂಬೆ ಎಳೆದು ಹಾಕಿದರೆ ಸಾಲದು. ಪ್ರತಿ ಕೆಲವು ಮೀಟರಿಗೆ ಅಡ್ಡ ದಿಮ್ಮಿ ಹೂತು ನೀರಿನ ಓಟ ಮುರಿದು, ನಡುವೆ ಕೆರೆದ ಕಪ್ಪು ಮಣ್ಣು ತುಂಬಿ, ಬದಿಯಿಂದ ಕಿತ್ತ ಜರಿಗಿಡವನ್ನು ನೆಟ್ಟೆವು. ಮೇಲಿನ ಬಾಯಿಯನ್ನು ಕಣ್ಣಿಗೆ ಕಾಣದಂತೆ ಮುಚ್ಚುವುದು ಮುಖ್ಯ, ಕಂಡರೆ ಯಾರಾದರೂ ಇಳಿದೇ ಇಳಿಯುತ್ತಾರೆ.

ಮೊದಲ ಚಳಿಗಾಲದ ದೊಡ್ಡ ಮಳೆ ಕಳೆದ ಮೇಲೆ ಸಲಿಕೆ ಹಿಡಿದು ಒಂದು ಸುತ್ತು ಹಾಕಬೇಕು. ನೋಡುವ ಕ್ರಮ ಹೀಗೆ: ಬಸಿಗಾಲುವೆಗಳ ಬಾಯಲ್ಲಿ ಸೂಜಿ ಎಲೆ ಕಟ್ಟಿದೆಯೇ, ಬಂಡೆಯ ಬುಡದ ಕಲ್ಲುಗಳ ಕೆಳಗೆ ಮಣ್ಣು ತೊಳೆದುಹೋಗಿದೆಯೇ, ಬರ್ಮಿನ ಮೇಲಂಚು ಬಿರುಕು ಬಿಟ್ಟಿದೆಯೇ, ಸ್ಕಿನ್ನಿಯ ಮೊಳೆ ತಲೆ ಎತ್ತಿದೆಯೇ, ಡ್ರಾಪಿನ ಇಳಿಜಾರಿನಲ್ಲಿ ಚಕ್ರ ತಾಗುವ ಜಾಗ ಗುಳಿ ಬಿದ್ದಿದೆಯೇ. ಗುಳಿಯನ್ನು ಹೊಸ ಮಣ್ಣಿನಿಂದ ಹಾಗೇ ತುಂಬಿದರೆ ತೇಪೆ ಕಿತ್ತುಬರುತ್ತದೆ. ಅಂಚನ್ನು ಚೌಕವಾಗಿ ಕತ್ತರಿಸಿ, ತಳ ಗೀಚಿ, ಒದ್ದೆ ಮಾಡಿ, ಎರಡು ಪದರದಲ್ಲಿ ತುಂಬಿ ಬಡಿಯಬೇಕು. ಸ್ಕಿನ್ನಿಯಲ್ಲಿ ಮೊದಲು ಸವೆಯುವುದು ಹತ್ತುವ ತುದಿಯ ಎರಡು ಮೂರು ಪಟ್ಟಿ. ಮುಂದಿನ ಚಕ್ರದ ಹೊಡೆತವೆಲ್ಲ ಅದರ ಮೇಲೆ, ಬೂಟಿನ ಕೆಸರೂ ಅಲ್ಲೇ. ಅದೇ ಅಳತೆಯ ಆರು ಪಟ್ಟಿಗಳನ್ನು ಸೀಳಿ, ಸೇತುವೆಯ ಪಕ್ಕದ ಬೊಡ್ಡೆಯ ಕೆಳಗೆ ಮಳೆ ತಾಗದಂತೆ ಎತ್ತಿ ಇಟ್ಟಿದ್ದೇವೆ. ಯಾರಿಗೆ ಮೊದಲು ಕಂಡಿತೋ ಅವರು ಬದಲಿಸಲಿ ಎಂದು.